ಲಾಕ್‌ಡೌನ್‌ನಲ್ಲಿ ಜಾಸ್ತಿ ಬಿದ್ದ ಸಂಬಳವನ್ನು ಈಗ ವಾಪಸ್ ಕೇಳುತ್ತಿದ್ದಾರೆ, ಏನು ಮಾಡಲಿ?

ಕಡಲಬದಿಯವಳು
2021 ಮಾರ್ಚ್ 4

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಮಂಜೇಶ್ವರದ ಹತ್ತಿರ. ಕೆಲಸ ತಲಪಾಡಿ ಗಡಿಯ ಆಚೆ, ಮಂಗಳೂರು ಕಡೆ ಒಂದು ಆಹಾರ ಪ್ಯಾಕಿಂಗ್ ಕಾರ್ಖಾನೆಯಲ್ಲಿ. ಆರು ವರ್ಷ ಆಯಿತು. ತಿಂಗಳಿಗೆ 14,000 ಸಂಬಳ.

ಹೋದ ವರ್ಷ ಮಾರ್ಚ್‌ನಲ್ಲಿ ಎಲ್ಲ ಬಂದ್ ಆಯಿತಲ್ಲ, ಆಗ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದರು. ಕಾರ್ಖಾನೆ ಮೇ ಕೊನೆಗೆ ತೆರೆಯಿತು, ಆದರೆ ಕೇರಳದಿಂದ ಬರುವ ನಮಗೆ ಹೋಗಲಿಕ್ಕೆ ಆಗಲಿಲ್ಲ. ಮನೆಯಲ್ಲೇ ಇರಿ, ಕರೆದಾಗ ಬನ್ನಿ ಎಂದರು. ಏಪ್ರಿಲ್, ಮೇ, ಜೂನ್ ಮೂರು ತಿಂಗಳು ಪೂರ್ತಿ ಸಂಬಳ ಬ್ಯಾಂಕಿಗೆ ಬಿತ್ತು. ಜುಲೈ, ಆಗಸ್ಟ್ ಅರ್ಧ ಬಿತ್ತು. ಸೆಪ್ಟೆಂಬರ್‌ನಲ್ಲಿ ಮತ್ತೆ ಕೆಲಸಕ್ಕೆ ಸೇರಿದೆ.

ಮೊನ್ನೆ ಸೋಮವಾರ ಒಂದು ಇಂಗ್ಲಿಷ್ ಕಾಗದ ಕೊಟ್ಟರು. ಮನೆಯಲ್ಲಿ ಕೂತವರಿಗೆ ಮೊದಲಿನಿಂದಲೇ ಅರ್ಧ ಸಂಬಳ ಎಂದು ತೀರ್ಮಾನ ಆಗಿತ್ತಂತೆ, ಲೆಕ್ಕದ ವಿಭಾಗದ ತಪ್ಪಿನಿಂದ ಕೇರಳದ ಏಳು ಜನರಿಗೆ ಪೂರ್ತಿ ಹೋಗಿದೆಯಂತೆ. ಮೂರು ತಿಂಗಳಿಗೆ 7,000ದ ಹಾಗೆ 21,000 ವಾಪಸ್ ಕೊಡಬೇಕು. ಮಾರ್ಚ್‌ನಿಂದ ಮೂರು ತಿಂಗಳು, ತಿಂಗಳಿಗೆ 7,000 ಹಿಡಿಯುತ್ತಾರಂತೆ. ಕೆಳಗೆ ಸಹಿ ಹಾಕಲಿಕ್ಕೆ ಜಾಗ ಬಿಟ್ಟಿದ್ದಾರೆ. ಇಬ್ಬರು ಅಲ್ಲೇ ಸಹಿ ಹಾಕಿದರು. ನಾನು ಹಾಕಲಿಲ್ಲ, ಮನೆಗೆ ತಂದಿದ್ದೇನೆ. ನಾಡಿದ್ದು ಶನಿವಾರದೊಳಗೆ ಕೊಡಬೇಕು.

ಆ ಹಣ ನನ್ನ ಹತ್ತಿರ ಇಲ್ಲ. ಅಮ್ಮನ ಇನ್ಸುಲಿನ್, ಸೊಸೈಟಿ ಸಾಲದ ಕಂತು, ಗಲ್ಫಿನಿಂದ ಕೆಲಸ ಕಳೆದುಕೊಂಡು ಬಂದ ಅಣ್ಣನ ಕ್ವಾರಂಟೈನ್ ಖರ್ಚು, ಎಲ್ಲ ಅದರಲ್ಲೇ ಹೋಯಿತು. ಅವರು ಹೀಗೆ ಹಿಡಿಯಬಹುದಾ? ಗೊತ್ತಿದ್ದವರು ಹೇಳಿ.

ಬಾಯಾರು ಗುಡ್ಡೆ
ಸಹಿ ಹಾಕಬೇಡಿ ಅಕ್ಕ. ನಿಮ್ಮ ಸಹಿ ಇಲ್ಲದೆ ಒಂದು ರೂಪಾಯಿ ಮುಟ್ಟುವ ಹಾಗಿಲ್ಲ.

ಉಪ್ಪಳ ಗೇಟ್
ಎಂಥ ಅನ್ಯಾಯ ಮಾರಾಯ್ರೇ. ತಪ್ಪು ಅವರದ್ದು, ಹೊಟ್ಟೆಗೆ ಬೀಳುವ ಪೆಟ್ಟು ನಿಮಗೆ. ಒಂದು ವರ್ಷ ಸುಮ್ನೆ ಕೂತು ಈಗ ನೆನಪಾಯಿತಾ?

ಲೆಕ್ಕದ ಮನುಷ್ಯ
ಬಾಯಾರಿನವರು ಹೇಳಿದ್ದು ತಪ್ಪು, ಅದನ್ನು ನಂಬಿ ಹೋದರೆ ಅಕ್ಕನಿಗೇ ತೊಂದರೆ. ನಾನು ಇಪ್ಪತ್ತು ವರ್ಷದಿಂದ ಕಾರ್ಖಾನೆಗಳ ಸಂಬಳದ ಲೆಕ್ಕ ಬರೆಯುವವನು. 1936ರ ವೇತನ ಪಾವತಿ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಏನೇನು ಹಿಡಿಯಬಹುದು ಎಂಬ ಪಟ್ಟಿ ಉಂಟು. ತಪ್ಪಿ ಜಾಸ್ತಿ ಕೊಟ್ಟ ಸಂಬಳವನ್ನು ಸರಿಮಾಡಿಕೊಳ್ಳುವುದು ಆ ಪಟ್ಟಿಯಲ್ಲೇ ಇದೆ. ಅದಕ್ಕೆ ಕೆಲಸಗಾರರ ಸಹಿ ಬೇಕು ಎಂದು ಅಲ್ಲಿ ಬರೆದಿಲ್ಲ. 1872ರ ಕರಾರು ಕಾಯ್ದೆಯ 72ನೇ ಸೆಕ್ಷನ್ ಕೂಡ ಅದನ್ನೇ ಹೇಳುವುದು, ತಪ್ಪಿ ಬಂದ ಹಣವನ್ನು ಪಡೆದವರು ಹಿಂದಿರುಗಿಸಬೇಕು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಲೆಕ್ಕದವರು ಮನುಷ್ಯರೇ. ಹೋದ ವರ್ಷ ಏಪ್ರಿಲ್‌ನಲ್ಲಿ ನಾನು ಮನೆಯಲ್ಲಿ ಕೂತು, ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಹಾಜರಿ ಪುಸ್ತಕದ ಫೋಟೋ ನೋಡಿಕೊಂಡು ನೂರ ಮೂವತ್ತು ಜನರ ಸಂಬಳ ಮಾಡಿದ್ದೇನೆ. ಯಾರು ಬಂದರು, ಯಾರು ರಜೆ, ಯಾರು ಆಚೆ ಸಿಕ್ಕಿಕೊಂಡಿದ್ದಾರೆ ಒಂದೂ ಸರಿ ಗೊತ್ತಾಗುತ್ತಿರಲಿಲ್ಲ. ತಪ್ಪು ಆಗಿದೆ. ನನ್ನಿಂದಲೂ ಆಗಿದೆ.

ಬಾಯಾರು ಗುಡ್ಡೆ
ಸರಿ, ಸಹಿಯ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ, ಸಣ್ಣ ನೌಕರರಿಂದ ಜಾಸ್ತಿ ಕೊಟ್ಟ ಸಂಬಳ ವಾಪಸ್ ತೆಗೆಯಬಾರದು ಎಂದು? ಪಂಜಾಬಿನ ಕೇಸು.

ನಿವೃತ್ತ ಮಾಷ್ಟ್ರು
ನೀವು ಹೇಳುವುದು ರಫೀಕ್ ಮಸೀಹ್ ಕೇಸು, 2014ರ ಡಿಸೆಂಬರ್‌ನದ್ದು. ನನಗೆ ಅದು ಬಾಯಿಪಾಠ, ಯಾಕೆಂದರೆ ನಮ್ಮ ಶಾಲೆಯ ಪ್ಯೂನ್‌ಗೋಸ್ಕರ ನಾನೇ ಅದರ ಪ್ರತಿ ಹಿಡಿದುಕೊಂಡು ಕಾಸರಗೋಡು, ತಿರುವನಂತಪುರ ಅಲೆದವನು. ಆ ತೀರ್ಪಿನಲ್ಲಿ ಐದು ಸಂದರ್ಭ ಹೇಳಿದ್ದಾರೆ. ಸಿ ಮತ್ತು ಡಿ ದರ್ಜೆಯ, ಅಂದರೆ ಕೆಳ ಹಂತದ ನೌಕರರಿಂದ ವಸೂಲಿ ಬೇಡ. ನಿವೃತ್ತರಾದವರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಬೇಡ. ಐದು ವರ್ಷಕ್ಕಿಂತ ಹೆಚ್ಚು ಕಾಲ ಕೊಟ್ಟುಕೊಂಡು ಬಂದದ್ದಾದರೆ ಬೇಡ. ಮೇಲಿನ ಹುದ್ದೆಯ ಕೆಲಸ ಮಾಡಿಸಿ ಆ ಸಂಬಳ ಕೊಟ್ಟಿದ್ದರೆ ಬೇಡ. ಮತ್ತೆ, ವಸೂಲಿ ಮಾಡಿದರೆ ತೀರಾ ಕ್ರೂರ ಆಗುತ್ತದೆ ಎಂದು ಕೋರ್ಟಿಗೆ ಅನ್ನಿಸಿದರೆ ಬೇಡ.

ನಮ್ಮ ಪ್ಯೂನ್‌ಗೆ ಒಂದು ಇಂಕ್ರಿಮೆಂಟ್ ಒಂದು ವರ್ಷ ಮೊದಲೇ ಹಾಕಿದ್ದರು. ಆಡಿಟ್‌ನವರು ಹದಿನಾಲ್ಕು ವರ್ಷ ಕಳೆದ ಮೇಲೆ ಹಿಡಿದರು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋದ ಮನುಷ್ಯನಿಗೆ ಡಿ.ಸಿ.ಆರ್.ಜಿ., ಅಂದರೆ ನಿವೃತ್ತಿಯಾಗುವಾಗ ಸಿಗುವ ಇಡಿಗಂಟು, ಬರಲಿಲ್ಲ. ಮಗಳ ಮದುವೆ ನಿಂತಿತ್ತು. ಆ ಹಾರ ಒಣಗಿ ಗೋಡೆಯಲ್ಲೇ ನೇತಾಡುತ್ತಿದ್ದದ್ದು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನನಗೆ ಈ ವಿಷಯದಲ್ಲಿ ಸಿಟ್ಟು ಜಾಸ್ತಿ.

ಕೋರ್ಟ್ ರಸ್ತೆ
ಮಾಷ್ಟ್ರೇ, ನಮಸ್ಕಾರ. ನೀವು ಹೇಳಿದ್ದು ಸರಿ, ಆದರೆ ಅದು ಸರ್ಕಾರಿ ನೌಕರರ ಕೇಸು. ಖಾಸಗಿ ಕಾರ್ಖಾನೆಗೆ ನೇರವಾಗಿ ಅಂಟುವುದಿಲ್ಲ. ನಾನು ವಕೀಲರ ಆಫೀಸಿನಲ್ಲಿ ಗುಮಾಸ್ತ, ವಕೀಲ ಅಲ್ಲ. ದಿನಾ ಇಂಥ ಕಾಗದ ನೋಡುತ್ತೇನೆ, ಅಷ್ಟೇ.

ಅಕ್ಕ ನೋಡಬೇಕಾದದ್ದು ಬೇರೆ. ಆ 7ನೇ ಸೆಕ್ಷನ್‌ನಲ್ಲೇ ಇನ್ನೊಂದು ಮಾತು ಉಂಟು. ಒಂದು ತಿಂಗಳ ಎಲ್ಲ ಕಡಿತ ಸೇರಿ ಸಂಬಳದ ಅರ್ಧಕ್ಕಿಂತ ಜಾಸ್ತಿ ಆಗಬಾರದು. ಸಹಕಾರಿ ಸಂಘಕ್ಕೆ ಕಟ್ಟುವುದು ಅದರಲ್ಲಿ ಸೇರಿದ್ದರೆ ಮಾತ್ರ ಮುಕ್ಕಾಲು ಪಾಲಿನವರೆಗೆ ಹೋಗಬಹುದು. ಎಲ್ಲ ಕಡಿತ ಎಂದರೆ ಭವಿಷ್ಯನಿಧಿಯ ಪಿ.ಎಫ್., ಆರೋಗ್ಯ ವಿಮೆಯ ಇ.ಎಸ್.ಐ. ಕೂಡ ಸೇರಿತು. ನಿಮ್ಮ ಸೊಸೈಟಿ ಸಾಲ ಸಂಬಳದಲ್ಲೇ ಹಿಡಿಯುವುದಾ, ನೀವೇ ಕಟ್ಟುವುದಾ?

ಕಡಲಬದಿಯವಳು
ನಾನೇ ಹೋಗಿ ಕಟ್ಟುವುದು ಅಣ್ಣ. ಸಂಬಳದಲ್ಲಿ ಪಿ.ಎಫ್., ಇ.ಎಸ್.ಐ. ಮಾತ್ರ ಹಿಡಿಯುತ್ತಾರೆ.

ಲೆಕ್ಕದ ಮನುಷ್ಯ
ಹಾಗಾದರೆ ಲೆಕ್ಕ ಹಾಕೋಣ. 14,000ಕ್ಕೆ ಪಿ.ಎಫ್. 12 ಶೇಕಡಾ, 1,680. ಇ.ಎಸ್.ಐ. ಮುಕ್ಕಾಲು ಶೇಕಡಾ, 105. ಎರಡೂ ಸೇರಿ 1,785. ಇದರ ಮೇಲೆ 7,000 ಹಿಡಿದರೆ ಒಟ್ಟು 8,785. ಅಕ್ಕನ ಕೈಗೆ ಬರುವುದು 5,215 ಮಾತ್ರ. ಅರ್ಧದ ಮಿತಿ 7,000 ಇರುವಾಗ ಇದು ದಾಟಿತು. ಕೋರ್ಟ್ ರಸ್ತೆಯವರು ಹೇಳಿದ್ದು ಸರಿ. ತುಂಬ ಎಳೆದರೂ ತಿಂಗಳಿಗೆ 5,215ಕ್ಕಿಂತ ಜಾಸ್ತಿ ವಸೂಲಿ ಮಾಡುವ ಹಾಗಿಲ್ಲ. ಅದೂ ಜಾಸ್ತಿಯೇ ಬಿಡಿ. 7,000ದಲ್ಲಿ ಯಾರ ಮನೆ ನಡೆಯುತ್ತದೆ?

ಇನ್ನೊಂದು ದೊಡ್ಡ ವಿಷಯ ಈಗ ಹೊಳೆಯಿತು. ಅಕ್ಕ, ನಿಮಗೆ ಜಾಸ್ತಿ ಬಿದ್ದದ್ದು 21,000 ಅಲ್ಲ. ಕೈಗೆ ಬಂದದ್ದು ಪಿ.ಎಫ್., ಇ.ಎಸ್.ಐ. ಹಿಡಿದು ಉಳಿದದ್ದು. ಏಪ್ರಿಲ್‌ನ ಹೆಚ್ಚುವರಿ 7,000ದಲ್ಲಿ 892.50 ಹಿಡಿದಿದ್ದಾರೆ. ಮೇ, ಜೂನ್, ಜುಲೈಗೆ ಸರ್ಕಾರ ಪಿ.ಎಫ್. ದರವನ್ನು 10 ಶೇಕಡಕ್ಕೆ ಇಳಿಸಿತ್ತು, ನೆನಪಿದೆಯಾ? ಹಾಗಾಗಿ ಮೇಯಲ್ಲಿ 752.50, ಜೂನ್‌ನಲ್ಲಿ 752.50. ಒಟ್ಟು 2,397.50. ನಿಮ್ಮ ಬ್ಯಾಂಕಿಗೆ ನಿಜವಾಗಿ ಜಾಸ್ತಿ ಬಂದದ್ದು 18,602.50. ಅವರು ಕೇಳುತ್ತಿರುವುದು 21,000. ಆ ಮೂರು ತಿಂಗಳ ಸಂಬಳದ ಚೀಟಿ ಮತ್ತು ಪಾಸ್‌ಬುಕ್ ಎದುರಿಗೆ ಇಟ್ಟುಕೊಂಡು ನೋಡಿ.

ಪೆರ್ಲ
ಪಿ.ಎಫ್. ಅವರ ಖಾತೆಗೇ ಹೋಯಿತಲ್ಲ, ಅದು ಅವರ ಹಣವೇ ಅಲ್ವಾ? ಅದನ್ನು ಬಿಟ್ಟುಬಿಡಿ ಎಂದು ಹೇಗೆ ಕೇಳುವುದು?

ಲೆಕ್ಕದ ಮನುಷ್ಯ
ನಿಮ್ಮ ಪ್ರಶ್ನೆ ಸರಿಯೇ. 2,240 ಅವರ ಪಿ.ಎಫ್. ಖಾತೆಯಲ್ಲಿ ಕೂತಿದೆ, 157.50 ಇ.ಎಸ್.ಐ.ಗೆ ಹೋಯಿತು. ಆದರೆ ಖಾತೆಯಲ್ಲಿ ಕೂತ ಹಣದಿಂದ ಇವತ್ತು ಅಕ್ಕಿ ತರಲಿಕ್ಕೆ ಆಗುವುದಿಲ್ಲ. ಸಂಬಳವೇ ತಪ್ಪಾಗಿದ್ದರೆ ಅದರ ಮೇಲೆ ಕಟ್ಟಿದ ಪಿ.ಎಫ್. ಕೂಡ ತಪ್ಪು. ಅದನ್ನು ಕಂಪನಿ ಆ ಕಡೆ ಸರಿಮಾಡಿಕೊಳ್ಳಲಿ. ಕೆಲಸಗಾರರ ಕಿಸೆಯಿಂದ ಯಾಕೆ?

ಮುಳ್ಳೇರಿಯ
ನಾನು ಸಣ್ಣ ಬೇಕರಿ ನಡೆಸುವವ, ಆರು ಜನ ಹುಡುಗರಿದ್ದಾರೆ. ಎಲ್ಲರೂ ಕಂಪನಿಗೆ ಬೈಯುತ್ತೀರಿ, ಹಾಗಾಗಿ ನಮ್ಮ ಮಾತೂ ಕೇಳಿ. ಲಾಕ್‌ಡೌನ್‌ನಲ್ಲಿ ಒಂದು ಪೈಸೆ ವ್ಯಾಪಾರ ಇಲ್ಲ. ಹುಡುಗರಿಗೆ ಮೊದಲ ತಿಂಗಳು ಪೂರ್ತಿ ಕೊಟ್ಟೆ, ಎರಡನೇ ತಿಂಗಳು ಅರ್ಧ ಕೊಟ್ಟೆ, ಹೆಂಡತಿಯ ಬಳೆ ಇಟ್ಟು ಕೊಟ್ಟೆ. ಒಬ್ಬನಿಗೆ ಎರಡು ಸಲ ಗೂಗಲ್ ಪೇ ಆಗಿತ್ತು. ಅವನೇ ಫೋನ್ ಮಾಡಿ ಹೇಳಿದ, ಮುಂದಿನ ತಿಂಗಳಿಗೆ ಹಿಡಿಯಿರಿ ಎಂದ. ಒಬ್ಬರಿಗೊಬ್ಬರು ಹೇಳಿಕೊಂಡರೆ ಮುಗಿಯುವ ವಿಷಯ ಇದು.

ಉಪ್ಪಳ ಗೇಟ್
ನೀವು ಬಳೆ ಇಟ್ಟು ಕೊಟ್ಟಿರಿ, ನಿಮಗೆ ಕೈಮುಗಿಯುತ್ತೇನೆ. ಆದರೆ ಅಕ್ಕನಿಗೆ ಯಾರು ಹೇಳಿದರು? ಹನ್ನೊಂದು ತಿಂಗಳು ಬಿಟ್ಟು ಇಂಗ್ಲಿಷ್ ಕಾಗದ ಬಂತು. ಅದು ಹೇಳಿಕೊಳ್ಳುವುದಾ?

ನಿವೃತ್ತ ಮಾಷ್ಟ್ರು
ಅಕ್ಕಾ, ಒಂದು ಪ್ರಶ್ನೆ. ಅರ್ಧ ಸಂಬಳ ಎಂಬ ತೀರ್ಮಾನವನ್ನು ಆಗ ನಿಮಗೆ ಯಾರಾದರೂ ತಿಳಿಸಿದ್ದರಾ? ಕಾಗದ, ಮೆಸೇಜು, ಏನಾದರೂ?

ಕಡಲಬದಿಯವಳು
2021 ಮಾರ್ಚ್ 4, ರಾತ್ರಿ

ಇಲ್ಲ ಮಾಷ್ಟ್ರೇ. ಜುಲೈಯಲ್ಲಿ ಅರ್ಧ ಬಿದ್ದಾಗಲೇ ಗೊತ್ತಾದದ್ದು. ಏಪ್ರಿಲ್ ಸಂಬಳ ಪೂರ್ತಿ ಬಿದ್ದಾಗ ನನಗೂ ಆಶ್ಚರ್ಯ ಆಗಿತ್ತು. ಆಫೀಸಿನಲ್ಲಿ ಸಂಬಳ ನೋಡುವ ಹುಡುಗಿಗೆ ವಾಟ್ಸಾಪ್ ಮಾಡಿದ್ದೆ. ಈಗ ಹಳೆಯ ಫೋನು ಚಾರ್ಜಿಗೆ ಹಾಕಿ ಹುಡುಕಿದೆ, ಸಿಕ್ಕಿತು. ನಾನು ಬರೆದದ್ದು, “ಪೂರ್ತಿ ಬಿದ್ದಿದೆ, ಸರಿ ಉಂಟಾ? ಆಮೇಲೆ ಕಷ್ಟ ಆಗಬಾರದು.” ಅವಳು ಬರೆದದ್ದು, “ಸರಿ ಉಂಟು ಅಕ್ಕ, ಸೆಂಟ್ರಲ್ ಆರ್ಡರ್ ಬಂದಿದೆ.” ಮೇ 5ನೇ ತಾರೀಕು.

ಆರ್ಡರ್ ಅಂದದ್ದು ಏನು ಎಂದು ನನಗೆ ಗೊತ್ತಿರಲಿಲ್ಲ. ಯಾರ ಸಂಬಳವನ್ನೂ ಹಿಡಿಯಬೇಡಿ ಎಂದು ಟಿವಿಯಲ್ಲಿ ಹೇಳಿದ್ದು ಕೇಳಿದ್ದೆ, ಅದೇ ಇರಬೇಕು ಎಂದುಕೊಂಡೆ.

ಕೋರ್ಟ್ ರಸ್ತೆ
ಅಕ್ಕಾ, ಆ ಮೆಸೇಜನ್ನು ಅಳಿಸಬೇಡಿ. ಈಗಲೇ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೆ ಕಳಿಸಿ ಇಡಿ. ಇಷ್ಟು ಹೊತ್ತು ಇದನ್ನು ಹೇಳಲಿಲ್ಲವಲ್ಲ ನೀವು!

ಆ ಆರ್ಡರ್ ಇದು. 2020 ಮಾರ್ಚ್ 29ಕ್ಕೆ ಕೇಂದ್ರ ಗೃಹ ಇಲಾಖೆ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ ಹೊರಡಿಸಿದ್ದು. ಲಾಕ್‌ಡೌನ್‌ನಿಂದ ಮುಚ್ಚಿದ ದಿನಗಳಿಗೂ ಎಲ್ಲ ಮಾಲೀಕರು ಕೆಲಸಗಾರರಿಗೆ ಕಡಿತ ಇಲ್ಲದೆ ಸಂಬಳ ಕೊಡಬೇಕು ಎಂದು ಅದರಲ್ಲಿ ಇತ್ತು. ಮೇ 18ರಿಂದ ಅದು ಹೋಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಜೂನ್ 12ಕ್ಕೆ ಕೋರ್ಟ್ ಹೇಳಿದ್ದು, ಆ ದಿನಗಳ ಸಂಬಳದ ಬಗ್ಗೆ ಮಾಲೀಕರೂ ಕೆಲಸಗಾರರೂ ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳಿ, ಆಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ, ಅಲ್ಲಿಯವರೆಗೆ ಮಾಲೀಕರ ಮೇಲೆ ಒತ್ತಾಯದ ಕ್ರಮ ಬೇಡ ಎಂದು.

ಹಾಗಾದರೆ ನೋಡಿ. ಏಪ್ರಿಲ್ ಪೂರ್ತಿ, ಮೇಯಲ್ಲಿ 17 ದಿನ ಆ ಆದೇಶದ ಕಾಲದಲ್ಲೇ ಬಂತು. ಆ ದಿನಗಳಿಗೆ ಪೂರ್ತಿ ಕೊಟ್ಟದ್ದನ್ನು “ತಪ್ಪಿ ಕೊಟ್ಟದ್ದು” ಎಂದು ಹೇಗೆ ಹೇಳುತ್ತಾರೆ? ಆಗ ಅದೇ ಆದೇಶ ಇತ್ತು. ತಪ್ಪಿ ಕೊಟ್ಟದ್ದು ಎಂದು ಗಟ್ಟಿಯಾಗಿ ಹೇಳಬಹುದಾದದ್ದು ಮೇ ಕೊನೆಯ 14 ದಿನ ಮತ್ತು ಜೂನ್. ಸುಮಾರು 10,161 ರೂಪಾಯಿ. ಅದರಲ್ಲೂ ಪಿ.ಎಫ್. ಕಳೆಯಬೇಕು.

ಲೆಕ್ಕದ ಮನುಷ್ಯ
ಇದು ಒಳ್ಳೆಯ ಅಂಶ, ಒಪ್ಪಿದೆ. ಆದರೆ ಕಂಪನಿಯ ವಕೀಲರು ಲೇ ಆಫ್ ಎಂದು ವಾದ ಮಾಡುತ್ತಾರೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 25ಸಿ ಸೆಕ್ಷನ್ ಉಂಟು. ಐವತ್ತು ಮತ್ತು ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಾರ್ಖಾನೆಯಲ್ಲಿ, ಒಂದು ವರ್ಷ ಸರ್ವಿಸ್ ಆದವರನ್ನು ಕೆಲಸ ಇಲ್ಲ ಎಂದು ಮನೆಯಲ್ಲಿ ಕೂರಿಸಿದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ಆ ಅರ್ಧ ಅಲ್ಲಿಂದಲೇ ಬಂದದ್ದು. ಮತ್ತೆ, ಲೇ ಆಫ್ ಆದವರು ದಿನಕ್ಕೊಮ್ಮೆ ಕಾರ್ಖಾನೆಗೆ ಬಂದು ಹಾಜರಿ ಹಾಕಬೇಕು ಎಂಬ ನಿಯಮವೂ ಉಂಟು. ಬಾರದವರಿಗೆ ಆ ಅರ್ಧವೂ ಇಲ್ಲ ಎಂದು ಹೆದರಿಸಿಯಾರು.

ಅನಂತಪುರ ಕೆರೆ
ದಿನಾ ಹಾಜರಿ? ಹೇಗೆ ಹೋಗುವುದು? ತಲಪಾಡಿಯಲ್ಲಿ ಮಣ್ಣಿನ ಗುಡ್ಡೆ. ಆಸ್ಪತ್ರೆಗೆ ಹೊರಟ ರೋಗಿಗಳನ್ನೇ ಬಿಡಲಿಲ್ಲ. ಆಂಬ್ಯುಲೆನ್ಸ್ ತಿರುಗಿ ಬಂತು. ಚಿಕಿತ್ಸೆ ಸಿಗದೆ ನಮ್ಮವರು ಸತ್ತರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ದಾರಿ ತೆರೆಯಿರಿ ಎಂದು ಹೇಳಬೇಕಾಯಿತು. ಹುಟ್ಟಿದ್ದು, ಮದುವೆ, ಬಾಣಂತನ, ಡಯಾಲಿಸಿಸ್ ಎಲ್ಲ ಮಂಗಳೂರಿನಲ್ಲಿ ಮಾಡಿಕೊಂಡವರು ನಾವು. ಆ ಒಂದು ತಿಂಗಳು ನಮ್ಮನ್ನು ಯಾರೋ ಹೊರಗಿನವರ ಹಾಗೆ ನೋಡಿದರು. ನನಗೆ ಈಗಲೂ ಆ ರಸ್ತೆಯಲ್ಲಿ ಹೋಗುವಾಗ ಹೊಟ್ಟೆ ಉರಿಯುತ್ತದೆ.

ಪೆರ್ಲ
ಈಗ ಮಾತ್ರ ಏನು ಕಡಿಮೆಯಾ? ಫೆಬ್ರವರಿ 22ರಿಂದ ಮತ್ತೆ ಆರ್‌ಟಿಪಿಸಿಆರ್ ರಿಪೋರ್ಟ್ ಬೇಕು ಎಂದು ಶುರು ಮಾಡಿದ್ದಾರೆ. ದಿನಾ ಹೋಗಿ ಬರುವವರು ಮೂಗಿಗೆ ಎಷ್ಟು ಸಲ ಕಡ್ಡಿ ಹಾಕಿಸಿಕೊಳ್ಳುವುದು? 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ನಮ್ಮನ್ನು ಒಂದು ಮಾತು ಕೇಳಲಿಲ್ಲ.

ಮುಳ್ಳೇರಿಯ
ಗಡಿ ವಿಷಯ ಬೇರೆ ಮಾತಾಡೋಣ, ಅಕ್ಕನಿಗೆ ಶನಿವಾರದೊಳಗೆ ಉತ್ತರ ಬೇಕು.

ಅನಂತಪುರ ಕೆರೆ
ಬೇರೆ ಅಲ್ಲ ಅಣ್ಣ. ಇವರು ಮನೆಯಲ್ಲಿ ಕೂತದ್ದೇ ಗಡಿಯಿಂದ. ಸೋಮೇಶ್ವರ, ಉಳ್ಳಾಲದಲ್ಲಿ ಮನೆ ಇದ್ದವರು ಜೂನ್‌ನಲ್ಲಿ ಕೆಲಸಕ್ಕೆ ಹೋದರು, ಪೂರ್ತಿ ಸಂಬಳ ತೆಗೆದುಕೊಂಡರು. ಹತ್ತು ಕಿಲೋಮೀಟರ್ ಈಚೆ ಇದ್ದದ್ದಕ್ಕೆ ಅಕ್ಕನಿಗೆ ಅರ್ಧ. ಕೆಲಸ ಮಾಡಲಿಕ್ಕೆ ಮನಸ್ಸಿಲ್ಲದೆ ಕೂತದ್ದಲ್ಲ.

ಶಾರ್ಜಾ ರೂಮ್ ನಂ. 4
ಇಲ್ಲಿಯದ್ದು ಹೇಳುತ್ತೇನೆ. ಯು.ಎ.ಇ.ಯಲ್ಲಿ ಹೋದ ವರ್ಷ ಮಾರ್ಚ್‌ನಲ್ಲಿ 279ನೇ ನಂಬರಿನ ಆದೇಶ ಬಂತು. ಹೊರದೇಶದ ಕೆಲಸಗಾರರನ್ನು ಮೊದಲು ಮನೆಯಿಂದ ಕೆಲಸ ಮಾಡಿಸಬೇಕು, ಆಗದಿದ್ದರೆ ಸಂಬಳದ ರಜೆ, ಆಮೇಲೆ ಸಂಬಳ ಇಲ್ಲದ ರಜೆ, ಆಮೇಲೆ ಸಂಬಳ ಕಡಿಮೆ ಮಾಡುವುದು. ಕಡಿಮೆ ಮಾಡುವುದಾದರೆ ಇಬ್ಬರೂ ಒಪ್ಪಿ ಕಾಗದ ಆಗಬೇಕು. ನಮ್ಮ ಅಂಗಡಿಯಲ್ಲಿ ಮೂರು ತಿಂಗಳು ಸಂಬಳ ಇಲ್ಲದ ರಜೆ ಎಂದು ಸಹಿ ಮಾಡಿಸಿದರು. ಆದರೂ ಒಂದು ತಿಂಗಳು ತಪ್ಪಿ ಊಟದ ಭತ್ಯೆ ಬಿತ್ತು. ಈಗ ಹಿಡಿಯುತ್ತಿದ್ದಾರೆ. ಇಲ್ಲಿಯ ಕಾನೂನಿನಲ್ಲಿ ಜಾಸ್ತಿ ಕೊಟ್ಟದ್ದನ್ನು ಹಿಡಿಯುವಾಗ ಸಂಬಳದ 10 ಶೇಕಡಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ತಿಂಗಳಿಗೆ 150 ದಿರ್ಹಮ್ ಹೋಗುತ್ತದೆ. ಗೊತ್ತೇ ಆಗುವುದಿಲ್ಲ. ಊರಲ್ಲಿ ಅರ್ಧದವರೆಗೆ ಹಿಡಿಯಬಹುದು ಎಂದು ಕೇಳಿ ನನಗೇ ಆಶ್ಚರ್ಯ ಆಯಿತು.

ಲೆಸ್ಟರ್ ಚಳಿ
ನಮ್ಮಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಫರ್ಲೋ ಅನ್ನುತ್ತಾರೆ, ಕಳೆದ ಒಂದು ವರ್ಷದಿಂದ ಮನೆಮನೆಯ ಮಾತು ಅದು. ಕೆಲಸ ಇಲ್ಲದೆ ಮನೆಯಲ್ಲಿ ಕೂತವರ ಸಂಬಳದ 80 ಶೇಕಡಾ ಸರ್ಕಾರ ಕೊಡುತ್ತದೆ, ತಿಂಗಳಿಗೆ 2,500 ಪೌಂಡಿನವರೆಗೆ. ಮಾಲೀಕರ ಕೈಗೆ ಬಂದು ಅವರ ಮೂಲಕ ನಮಗೆ. ನಿನ್ನೆಯ ಬಜೆಟ್‌ನಲ್ಲಿ ಸೆಪ್ಟೆಂಬರ್ ಕೊನೆಯವರೆಗೆ ಮುಂದುವರಿಸಿದರು. ಊರಿನಲ್ಲಿ ಸರ್ಕಾರ ಸಂಬಳ ಕೊಡಿ ಎಂದು ಆದೇಶ ಮಾಡಿತು, ಹಣ ಮಾಲೀಕರೇ ಹೊಂದಿಸಬೇಕಾಯಿತು. ಇಲ್ಲಿ ಸರ್ಕಾರ ಹಣವನ್ನೇ ಕೊಟ್ಟಿತು. ಬೇಕರಿಯ ಅಣ್ಣ ಬಳೆ ಇಟ್ಟ ಮಾತು ಓದಿ ಅದೇ ಅನ್ನಿಸಿತು.

ಜಾಸ್ತಿ ಕೊಟ್ಟು ವಾಪಸ್ ತೆಗೆಯುವುದು ಇಲ್ಲೂ ಉಂಟು. ನನ್ನ ತಮ್ಮ ಹೋಟೆಲ್ ಅಡುಗೆಮನೆಯಲ್ಲಿ. ಅವನ ಸಂಬಳ ತಿಂಗಳು ತಿಂಗಳು ಬದಲಾಗುವಂಥದ್ದು. ಅಂಥವರಿಗೆ ಹಿಂದಿನ ವರ್ಷದ ಅದೇ ತಿಂಗಳ ಸಂಬಳ ಅಥವಾ ವರ್ಷದ ಸರಾಸರಿ, ಯಾವುದು ಜಾಸ್ತಿಯೋ ಅದರ ಮೇಲೆ 80 ಶೇಕಡಾ. ಅವನ ಮಾಲೀಕರು ಗಿರಾಕಿಗಳು ಕೊಟ್ಟ ಟಿಪ್ಸ್ ಕೂಡ ಸೇರಿಸಿ ಲೆಕ್ಕ ಹಾಕಿದ್ದರು. ಅದನ್ನು ಸೇರಿಸುವ ಹಾಗಿಲ್ಲ. ತಿಂಗಳಿಗೆ 90 ಪೌಂಡ್ ಜಾಸ್ತಿ, ಐದು ತಿಂಗಳು, 450. ಮಾಲೀಕರು ಸರ್ಕಾರದಿಂದ ಜಾಸ್ತಿ ತೆಗೆದುಕೊಂಡದ್ದನ್ನು ತೆರಿಗೆ ಇಲಾಖೆಗೆ ಹೇಳಿ ಹಿಂದಿರುಗಿಸಬೇಕು. ಅದಕ್ಕೆ ತಮ್ಮನ ಹತ್ತಿರ ಕೇಳಿದರು. 1996ರ ಉದ್ಯೋಗ ಹಕ್ಕುಗಳ ಕಾಯ್ದೆಯಲ್ಲಿ ತಪ್ಪಿ ಕೊಟ್ಟ ಸಂಬಳವನ್ನು ಒಪ್ಪಿಗೆ ಇಲ್ಲದೆಯೂ ಹಿಡಿಯಬಹುದು. ಒಂದೇ ಸಲಕ್ಕೆ ಬೇಕಾದರೂ ಹಿಡಿಯಬಹುದಿತ್ತು. ಆದರೆ ಮ್ಯಾನೇಜರ್ ಅವನನ್ನು ಕೂರಿಸಿ, ಹಾಳೆಯಲ್ಲಿ ಲೆಕ್ಕ ತೋರಿಸಿ, ತಿಂಗಳಿಗೆ ಎಷ್ಟು ಆದರೆ ನಿನಗೆ ಕಷ್ಟ ಆಗುವುದಿಲ್ಲ ಎಂದು ಕೇಳಿದ. 75ರ ಹಾಗೆ ಆರು ತಿಂಗಳು. ತಮ್ಮನಿಗೆ ಹಣ ಹೋದ ಬೇಜಾರು ಇತ್ತು, ಅವಮಾನ ಆಗಲಿಲ್ಲ.

ಬಾಯಾರು ಗುಡ್ಡೆ
ಆ ಕೂರಿಸಿ ಕೇಳುವುದೇ ಇಲ್ಲಿ ಇಲ್ಲ.

ನಿವೃತ್ತ ಮಾಷ್ಟ್ರು
ಕೇರಳ ಸರ್ಕಾರ ಕೂಡ ಹೋದ ವರ್ಷ ನಮ್ಮ ಸರ್ಕಾರಿ ನೌಕರರ ಸಂಬಳಕ್ಕೆ ಕೈ ಹಾಕಿತು. ತಿಂಗಳಿಗೆ 6 ದಿನದ ಸಂಬಳ, 5 ತಿಂಗಳು ಮುಂದೂಡಿದರು. ಹೈಕೋರ್ಟ್ ತಡೆ ಕೊಟ್ಟಿತು, ಕೂಡಲೇ ಸುಗ್ರೀವಾಜ್ಞೆ ತಂದರು. ಆಗ ಕೆಲವು ಮಾಷ್ಟ್ರುಗಳು ಆದೇಶದ ಪ್ರತಿ ಸುಟ್ಟದ್ದಕ್ಕೆ ಜನ ಬೈದರು. ಸುಟ್ಟದ್ದು ನನಗೂ ಸರಿ ಕಾಣಲಿಲ್ಲ. ಆದರೆ ಸಂಬಳ ಎಂಬುದು ಬರುವ ಮೊದಲೇ ಖರ್ಚಾಗಿರುವಂಥದ್ದು. ಅದನ್ನು ಮುಟ್ಟುವವರು ಮೊದಲು ಕೇಳಬೇಕು.

ಕಡಲಬದಿಯವಳು
2021 ಮಾರ್ಚ್ 5

ಎಲ್ಲ ಓದಿದೆ. ಎರಡು ಸಲ ಓದಿದೆ. ನಮ್ಮಲ್ಲಿ ಸುಮಾರು ಎಂಬತ್ತು ಜನ ಇದ್ದೇವೆ, ಹಾಗಾದರೆ ಆ 25ಸಿ ನಮಗೆ ಅನ್ವಯ ಆಗುತ್ತದೆ ಅಲ್ವಾ. ಒಂದು ವಿಷಯ ಹೇಳಬೇಕು. ನಿಜವಾಗಿ ಜಾಸ್ತಿ ಬಂದದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ. ಅದು ನನಗೆ ಬೇಡ. ಆದರೆ ನಾನು ಕೇಳಿದ್ದೆ, ಅವರು ಸರಿ ಉಂಟು ಎಂದರು, ನಾನು ಖರ್ಚು ಮಾಡಿದೆ. ಈಗ ಕಳ್ಳತನ ಮಾಡಿದವರ ಹಾಗೆ ಕಾಗದ ಕೊಡುವುದು ನೋವಾಗುತ್ತದೆ. ಕಾಗದ ಕೊಡುವಾಗ ಸೂಪರ್‌ವೈಸರ್ ಮುಖ ಕೂಡ ನೋಡಲಿಲ್ಲ.

ಲೇಬರ್ ಆಫೀಸಿಗೆ ಹೋಗಬೇಕಾದರೆ ಕಾಸರಗೋಡಿಗಾ, ಮಂಗಳೂರಿಗಾ? ಕಾಸರಗೋಡಿನಲ್ಲಿ ಎಲ್ಲ ಫಾರ್ಮ್ ಮಲಯಾಳಂನಲ್ಲಿ, ನನಗೆ ಓದಲಿಕ್ಕೆ ಬರುವುದಿಲ್ಲ.

ಕೋರ್ಟ್ ರಸ್ತೆ
ಕಾರ್ಖಾನೆ ಎಲ್ಲಿಯೋ ಅಲ್ಲಿಯ ಕಾರ್ಮಿಕ ಇಲಾಖೆ. ನಿಮಗೆ ಮಂಗಳೂರು. ಕನ್ನಡದಲ್ಲೇ ಅರ್ಜಿ ಕೊಡಬಹುದು. ಕಾಸರಗೋಡಿನಲ್ಲೂ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗೆ ಉಂಟು, ಭಾಷಾ ಅಲ್ಪಸಂಖ್ಯಾತರು ನಾವು. ತೆಗೆದುಕೊಳ್ಳುವುದಿಲ್ಲ ಎಂದರೆ ತಿರುಗಿ ಬರಬೇಡಿ.

ತಪ್ಪಾಗಿ ಹಿಡಿದರೆ ವೇತನ ಪಾವತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಬೇಕು, ಹಿಡಿದ ದಿನದಿಂದ 12 ತಿಂಗಳೊಳಗೆ. ತಿಂಗಳ ಸಂಬಳ 24,000ದವರೆಗೆ ಇರುವವರಿಗೆ ಆ ಕಾಯ್ದೆ. ಆದರೆ ಮೊದಲೇ ಅಲ್ಲಿಗೆ ಓಡಬೇಡಿ. ಈಗ ಇಂಗ್ಲಿಷ್ ಕಾಗದಕ್ಕೆ ಸಹಿ ಬೇಡ. ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಮಾತಾಡಿ ತೀರ್ಮಾನ ಮಾಡಲಿಕ್ಕೆ ತಯಾರಿದ್ದೇನೆ, ತಿಂಗಳವಾರು ಲೆಕ್ಕ ಕೊಡಿ, ಅಲ್ಲಿಯವರೆಗೆ ಹಿಡಿಯಬೇಡಿ ಎಂದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಅವರ ಸೀಲು ಹಾಕಿಸಿಕೊಳ್ಳಿ. ಸಿಟ್ಟಿನ ಮಾತು ಒಂದೂ ಬೇಡ.

ಲೆಕ್ಕದ ಮನುಷ್ಯ
ಏಳು ಜನ ಒಟ್ಟಿಗೆ ಹೋಗಿ. ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಾರೆ. ಮತ್ತೆ ಲೆಕ್ಕದ ಹುಡುಗಿಯ ಹೆಸರನ್ನು ಮುಂದೆ ತಳ್ಳಬೇಡಿ. ಅವಳ ಕೆಲಸ ಹೋದೀತು. ಮೆಸೇಜ್ ಇದೆ ಎಂದು ಹೇಳಿ, ಕೊನೆಗೆ ಬೇಕಾದರೆ ಮಾತ್ರ ತೋರಿಸಿ. ಇದು ನನ್ನ ಪ್ರಾರ್ಥನೆ.

ಕಡಲಬದಿಯವಳು
ಅವಳ ಹೆಸರು ಹೇಳುವುದಿಲ್ಲ ಅಣ್ಣ. ಅವಳೂ ನನ್ನ ಹಾಗೆಯೇ.

ಕಡಲಬದಿಯವಳು
2021 ಏಪ್ರಿಲ್ 9

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕಾಗದ ಕೊಟ್ಟೆವು. ಮೊದಲು ಸೀಲು ಹಾಕಲಿಕ್ಕೆ ಒಪ್ಪಲಿಲ್ಲ. ಐದು ಜನ ಗೇಟಿನ ಹತ್ತಿರ ಮಧ್ಯಾಹ್ನದ ಊಟದ ಹೊತ್ತು ಪೂರ್ತಿ ನಿಂತೆವು, ಆಮೇಲೆ ಹಾಕಿದರು. ಮಾರ್ಚ್ ಸಂಬಳದಲ್ಲಿ ಏನೂ ಹಿಡಿಯಲಿಲ್ಲ. ಏಪ್ರಿಲ್ ಮೊದಲ ವಾರ ಕರೆದರು. ಮಾಲೀಕರ ತಮ್ಮ ಇದ್ದರು, ಲೆಕ್ಕದವರು ಇದ್ದರು. ಲೆಕ್ಕದ ಅಣ್ಣ ಇಲ್ಲಿ ಬರೆದ ಹಾಗೆಯೇ ನನ್ನ ತಮ್ಮನ ಮಗಳ ನೋಟ್‌ಬುಕ್ ಹಾಳೆಯಲ್ಲಿ ತಿಂಗಳವಾರು ಬರೆದುಕೊಂಡು ಹೋಗಿದ್ದೆ. 892.50 ಎಂದು ಹೇಳಿದಾಗ ಅವರ ಲೆಕ್ಕದವರು ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಒತ್ತಿ ನೋಡಿದರು. ಸರಿ ಉಂಟು ಎಂದರು. ಅಲ್ಲಿಂದ ಮಾತು ಬದಲಾಯಿತು.

ಏಪ್ರಿಲ್ ತಿಂಗಳನ್ನು ಬಿಟ್ಟರು. ಮೇಯ 17 ದಿನವನ್ನೂ ಬಿಡಿ ಎಂದು ಕೇಳಿದೆವು, ಒಪ್ಪಲಿಲ್ಲ. ನಾವೂ ಅಲ್ಲಿಗೆ ನಿಲ್ಲಿಸಿದೆವು. ಮೇ, ಜೂನ್ ಸೇರಿ 14,000, ಅದರಲ್ಲಿ ಹಿಡಿದ 1,505 ಕಳೆದು 12,495. ತಿಂಗಳಿಗೆ 1,250ರ ಹಾಗೆ ಒಂಬತ್ತು ತಿಂಗಳು, ಹತ್ತನೆಯದು 1,245. ಕನ್ನಡದಲ್ಲಿ ಬರೆಸಿ ಸಹಿ ಮಾಡಿದೆ. ಮೊದಲೇ ಸಹಿ ಹಾಕಿದ್ದ ಇಬ್ಬರಿಗೂ ಅದೇ ಲೆಕ್ಕ ಮಾಡಬೇಕು ಎಂದು ಹಟ ಹಿಡಿದೆವು. ಒಬ್ಬಳಿಗೆ ಮಾಡಿದರು. ಇನ್ನೊಬ್ಬಳು ಮಾರ್ಚ್‌ನಲ್ಲೇ ಕೆಲಸ ಬಿಟ್ಟಿದ್ದಾಳೆ. ಅವಳ ಕೊನೆಯ ತಿಂಗಳ ಸಂಬಳ ಪೂರ್ತಿ ಹಿಡಿದಿಟ್ಟಿದ್ದಾರೆ.

ಉಪ್ಪಳ ಗೇಟ್
ಓದಿ ಕಣ್ಣು ತುಂಬಿತು ಅಕ್ಕ. ಗೇಟಿನ ಹತ್ತಿರ ನಿಂತಿರಲ್ಲ, ಅದು ದೊಡ್ಡದು.

ಪೆರ್ಲ
ಮೇ 17 ದಿನವನ್ನು ಬಿಡಬಾರದಿತ್ತು. ಇನ್ನೂ ಸುಮಾರು 3,800 ನಿಮ್ಮದೇ.

ಲೆಕ್ಕದ ಮನುಷ್ಯ
ಇರಬಹುದು. ಆದರೆ ನಾಳೆಯೂ ಅಲ್ಲೇ ಕೆಲಸ ಮಾಡಬೇಕಲ್ಲ. ನನ್ನ ಪ್ರಕಾರ ಅಕ್ಕ ಮಾಡಿದ್ದು ಸರಿ.

ಕೋರ್ಟ್ ರಸ್ತೆ
ಕೆಲಸ ಬಿಟ್ಟವರ ವಿಷಯ ಬಿಡಬೇಡಿ. ಪೂರ್ತಿ ಸಂಬಳ ಹಿಡಿದಿಡುವುದು ಅರ್ಧದ ಮಿತಿಗೆ ವಿರುದ್ಧ. ಅವರಿಗೆ 15ನೇ ಸೆಕ್ಷನ್ ಅರ್ಜಿ ಹಾಕಿಸಿ. ಬರೆದುಕೊಡಲಿಕ್ಕೆ ನಾನು ತಯಾರು, ಹಣ ಬೇಡ.

ನಿವೃತ್ತ ಮಾಷ್ಟ್ರು
2022 ಮೇ 6

ಹಳೆಯ ಮಾತು ಎತ್ತುತ್ತಿದ್ದೇನೆ. ಮೇ 2ಕ್ಕೆ ಸುಪ್ರೀಂ ಕೋರ್ಟ್ ನಮ್ಮ ಕೇರಳದ ಒಬ್ಬ ಮಾಷ್ಟ್ರ ಕೇಸಿನಲ್ಲಿ ತೀರ್ಪು ಕೊಟ್ಟಿದೆ. ಥಾಮಸ್ ಡೇನಿಯಲ್ ಎಂದು, 1999ರಲ್ಲಿ ನಿವೃತ್ತರಾದವರು. ಇಂಕ್ರಿಮೆಂಟ್ ಲೆಕ್ಕದಲ್ಲಿ ಜಾಸ್ತಿ ಕೊಟ್ಟಿದ್ದೇವೆ ಎಂದು ವಸೂಲಿಗೆ ಹೊರಟಿದ್ದರು. ನೌಕರ ಮೋಸ ಮಾಡಿ, ಸುಳ್ಳು ಹೇಳಿ ಪಡೆದದ್ದಲ್ಲ, ಇಲಾಖೆಯೇ ನಿಯಮವನ್ನು ತಪ್ಪಾಗಿ ಓದಿ ಕೊಟ್ಟದ್ದು, ಹಾಗಾಗಿ ವಸೂಲಿ ಬೇಡ ಎಂದಿದೆ ಕೋರ್ಟ್. ಇಪ್ಪತ್ತಮೂರು ವರ್ಷ ಕಾದರು ಆ ಮನುಷ್ಯ. ನಮ್ಮ ಪ್ಯೂನ್ ಈಗ ಇಲ್ಲ. ಇದ್ದಿದ್ದರೆ ಇವತ್ತೇ ಅವನ ಮನೆಗೆ ಹೋಗಿ ಓದಿ ಹೇಳುತ್ತಿದ್ದೆ.

ಮುಳ್ಳೇರಿಯ
ಓದಿ ಹೇಳಿ ಮಾಷ್ಟ್ರೇ, ಮಗಳಿಗಾದರೂ. ಕಡಲಬದಿ ಅಕ್ಕಾ, ನಿಮ್ಮ ಕಂತು ಮುಗಿಯಿತಾ?

ಕಡಲಬದಿಯವಳು
ಮುಗಿಯಿತು ಅಣ್ಣ, ಜನವರಿ ಸಂಬಳಕ್ಕೆ. ಕೊನೆಯ ಚೀಟಿಯಲ್ಲಿ 1,245 ಎಂದೇ ಬರೆದಿತ್ತು, ತೆಗೆದು ಇಟ್ಟಿದ್ದೇನೆ. ಕೆಲಸ ಬಿಟ್ಟವಳ ಅರ್ಜಿಯನ್ನು ಕೋರ್ಟ್ ರಸ್ತೆಯ ಅಣ್ಣ ಬರೆದುಕೊಟ್ಟರು. ಮಂಗಳೂರಿನಲ್ಲಿ ಮೂರು ಸಲ ಕರೆದರು. ಎರಡು ಸಲ ನಾನೇ ಅವಳ ಜೊತೆ ಹೋದೆ, ರಜೆ ಹಾಕಿ. ಹಿಡಿದಿಟ್ಟದ್ದರಲ್ಲಿ ಅರ್ಧ ಕೂಡಲೇ ಕೊಟ್ಟರು, ಉಳಿದದ್ದನ್ನು ಅವಳು ವಾಪಸ್ ಕೊಡಬೇಕಾದ ಲೆಕ್ಕಕ್ಕೆ ಹಿಡಿದುಕೊಂಡರು. ಆ ದಿನ ಬರುವಾಗ ತೊಕ್ಕೊಟ್ಟಿನಲ್ಲಿ ಇಳಿದು ಅವಳ ಮಗುವಿಗೆ ಚಪ್ಪಲಿ ತೆಗೆದೆವು.